ಜಗತ್ತಿನಿಂದ ಕಮಲಾಪುರಕ್ಕೆ

ಕಾಶಿ ರಾಮೇಶ್ವರಗಳಿಗೆ ಹೋಗಿಬಂದವರು ತಮ್ಮ ಯಾತ್ರೆಯ ವೃತ್ತಾಂತವನ್ನು ಬರೆಯುವುದು ವಾಡಿಕೆ. ಅಂತಹ ದೂರದ ಯಾತ್ರೆಯ ಭಾಗ್ಯವು ನಮಗೆ ಇನ್ನೂ ಒದಗಿಲ್ಲ. ನಾವು ಇಲ್ಲಿ ಹೇಳಹೊರಟಿರುವುದು ಒಂದೇ ದಿನದ, ಒಂದೇ ಹಾದಿಯ, ಸುಮಾರು ೩೫ ಕಿಲೋಮೀಟರುಗಳ ಪ್ರಯಾಣವನ್ನು. ಕಲಬುರಗಿಯ ಜಗತ್ ಎಂಬ ಸ್ಥಳದಿಂದ ಹೊರಟು ಹುಮನಾಬಾದಿನ ರಸ್ತೆಯನ್ನು ಹಿಡಿದು ಕಮಲಾಪುರವನ್ನು ಸೇರುವ ಈ ಹಾದಿಯನ್ನು ಬಸ್ಸುಗಳು ಒಂದು ಗಂಟೆಯ ಹೊತ್ತಿನಲ್ಲಿ ಮುಗಿಸಿಬಿಡುತ್ತವೆ. ಉಪಾಧ್ಯಾಯವೃತ್ತಿಯಲ್ಲಿದ್ದ ಕಾಲದಲ್ಲಿ ನಾವೇ ಇದನ್ನು ನೂರಾರು ಸಲ, ಕಿಟಕಿಗೆ ತಲೆಯಾನಿಸಿ, ಅರ್ಧನಿದ್ರೆಯಲ್ಲಿ ದಾಟಿದ್ದೇವೆ. ಆದರೆ ಕಾಲ್ನಡಿಗೆಯಿಂದ ಹೊರಟ ಆ ಒಂದು ದಿನ ಕಂಡುದನ್ನು ಆ ನೂರು ಪ್ರಯಾಣಗಳಲ್ಲಿಯೂ ನಾವು ಕಂಡಿರಲಿಲ್ಲ. ಆದುದರಿಂದಲೇ ಈ ಬರಹ.

ಜಗತ್ ಎಂಬ ಹೆಸರನ್ನು ಕೇಳಿ ಪರಸ್ಥಳದವರು ನಗುವುದುಂಟು. ‘ಜಗತ್‌ಗೆ ಹೋಗಿ ಬರುತ್ತೇನೆ’ ಎಂದು ಕಲಬುರಗಿಯ ಗೃಹಸ್ಥನು ಮನೆಯಲ್ಲಿ ಹೇಳಿ ಹೊರಟರೆ ಆತನು ವೈರಾಗ್ಯವನ್ನು ತಾಳಿದನೆಂದಾಗಲಿ, ಲೋಕಸಂಚಾರಕ್ಕೆ ಹೊರಟನೆಂದಾಗಲಿ ತಿಳಿಯಬೇಕಾದುದಿಲ್ಲ. ಅರ್ಧ ಗಂಟೆಯಲ್ಲಿ ತರಕಾರಿಯ ಚೀಲದೊಡನೆ ಹಿಂದಿರುಗುವನು. ಊರಿನ ನಡುವೆ ಹಲವು ರಸ್ತೆಗಳು ಕೂಡುವ ಈ ವೃತ್ತದಲ್ಲಿ ಡಾಕ್ಟರ್ ಅಂಬೇಡಕರರ ಪ್ರತಿಮೆಯಿದೆ. ಸಮೀಪದಲ್ಲಿಯೇ ಮಹಾನಗರ ಪಾಲಿಕೆಯ ಕಚೇರಿ. ಜಿಲ್ಲೆಯ ಯಾವ ಮೂಲೆಯವರಿಗೆ ಯಾವ ಕಷ್ಟ ಬಂದರೂ, ಯಾವ ಹಬ್ಬ ಬಂದರೂ, ಮೆರವಣಿಗೆಯು ಇಲ್ಲಿಂದಲೇ ಹೊರಡತಕ್ಕದ್ದೆಂಬುದು ಒಂದು ಅಲಿಖಿತ ನಿಯಮ. ಸಂಸ್ಕೃತದಲ್ಲಿ ಈ ಪದವು ಗಮನಾರ್ಥಕವಾದ ‘ಗಮ್’ ಧಾತುವಿನಿಂದ ಹುಟ್ಟಿದುದು. ಯಾವುದು ನಿಲ್ಲದೆ ಚಲಿಸುತ್ತಿರುವುದೋ ಅದೇ ಜಗತ್ತು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಈ ವ್ಯುತ್ಪತ್ತಿಯನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದ ನಮಗೆ, ಅದರ ಅರ್ಥವನ್ನು ಕಾಲಿನಿಂದ ತಿಳಿಯುವ ದಿನವೊಂದು ಬರುವುದೆಂದು ತೋರಿರಲಿಲ್ಲ.

ಕಲಬುರಗಿಯ ಹಿರಿಮೆಯನ್ನು ವಾಚಕರಿಗೆ ವಿಸ್ತರಿಸಿ ಹೇಳಬೇಕಾದುದಿಲ್ಲ. ೧೩೪೭ರಲ್ಲಿ ಬಹಮನಿ ಅರಸರು ಇದನ್ನು ರಾಜಧಾನಿಯನ್ನಾಗಿ ಮಾಡಿಕೊಂಡರು. ಕೋಟೆಯೊಳಗೆ ೧೩೬೭ರಲ್ಲಿ ಕಟ್ಟಿದ ಜಾಮಿಯಾ ಮಸೀದಿಯು ನಡುವೆ ಬಯಲಂಗಳವಿಲ್ಲದೆ, ಪೂರ್ತಿಯಾಗಿ ಗುಮ್ಮಟಗಳಿಂದ ಮುಚ್ಚಿದುದಾಗಿ, ಇಂದಿಗೂ ನೋಡುವವರನ್ನು ಬೆರಗುಗೊಳಿಸುತ್ತಿದೆ. ಆದರೆ ಅರಸರು ಹೋದರು, ರಾಜಧಾನಿಯೂ ಬೀದರಿಗೆ ಹೋಯಿತು. ಊರಿನ ಬಾಯಲ್ಲಿ ಇಂದಿಗೂ ನಿಂತಿರುವುದು ಹಸಿದವರಿಗೆ ಅನ್ನವಿಟ್ಟವರ ಹೆಸರು. ಒಂದು ಕಡೆ ದಾಸೋಹವನ್ನೇ ಪೂಜೆಯೆಂದು ತಿಳಿದ ಶರಣಬಸವೇಶ್ವರರ ಗುಡಿ. ಇನ್ನೊಂದು ಕಡೆ ೧೪೨೨ರಲ್ಲಿ ಇಲ್ಲಿಯೇ ದೇಹವಿಟ್ಟ ಖ್ವಾಜಾ ಬಂದೇನವಾಜರ ದರ್ಗಾ. ಎರಡು ಕಡೆಯೂ ಬಂದವನ ಕುಲವನ್ನು ಕೇಳದೆ ಕೈಯಲ್ಲಿ ಪ್ರಸಾದವಿಡುವ ಪದ್ಧತಿಯಿದೆ. ಈ ಊರಿನಲ್ಲಿ ಕೊಡುವುದೂ ಹೊಸತಲ್ಲ, ಜೋಳಿಗೆ ಹಿಡಿಯುವುದೂ ಹೊಸತಲ್ಲ. ಇದನ್ನು ನಾವು ಮೊದಲೇ ಹೇಳಿಡುವುದೇಕೆಂದರೆ, ನಮ್ಮ ಪ್ರಯಾಣವೂ ಒಂದು ಜೋಳಿಗೆಯ ಪ್ರಯಾಣವಾಗಿತ್ತು.

ಕಮಲಾಪುರದಲ್ಲಿ ನಮ್ಮ ಹಳೆಯ ಶಿಷ್ಯನೊಬ್ಬನಿದ್ದಾನೆ. ಹೆಸರನ್ನು ಬರೆಯಬಾರದೆಂದು ಆತನು ಕೇಳಿಕೊಂಡಿರುವುದರಿಂದ ಶಿಷ್ಯನೆಂದೇ ಕರೆಯುವೆವು. ಎರಡೆಕರೆಯ ಬಾಳೆತೋಟವುಳ್ಳವನು, ಮಿತಭಾಷಿ. ಅವನ ಏಳು ವರ್ಷದ ಮಗಳಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಗಿ, ಬೆಂಗಳೂರಿನಲ್ಲಿ ಚಿಕಿತ್ಸೆಯು ಆರಂಭವಾಗಿ ಹದಿನೈದು ತಿಂಗಳಾಗಿತ್ತು. ಒಂದು ಸಂಜೆ ಅವನು ನಮ್ಮ ಮನೆಗೆ ಬಂದು, ಚಾಪೆಯ ತುದಿಯಲ್ಲಿ ಕುಳಿತು, ಬಹಳ ಹೊತ್ತಿನ ಮೇಲೆ ಬಾಯಿ ತೆರೆದನು.

“ಗುರುಗಳೇ, ನಿಮ್ಮ ಕಡಿಂದ ಒಂದು ಕೆಲಸ ಆಗಬೇಕಾಗ್ಯದ್ರಿ. ಎಳ್ಳಮಾಸಿ ದಿನ ಜಗತ್ ಸರ್ಕಲ್‌ದಿಂದ ನಮ್ಮೂರ ತನಕ ನಡಕೋತ ಬರಬೇಕಂತ ಮಾಡೀನ್ರಿ. ದಾರ್ಯಾಗ ಮಂದಿ ಕೊಟ್ಟಷ್ಟು ರೊಕ್ಕ ಕೂಡಸ್ತೀನ್ರಿ. ಲೆಕ್ಕ ಮಾತ್ರ ನೀವು ಬರೀಬೇಕ್ರಿ. ನನ್ನ ಕೈಯಾಗ ಒಂದು ರೂಪಾಯಿ ಸುದ್ದಾ ಬರಬಾರ್ದು.”

“ಮಗಳ ಔಷಧಕ್ಕೆ ಹಣ ಸಾಲದೆ ಬಂದಿತೇನಪ್ಪಾ?” ಎಂದು ಕೇಳಿದೆವು.

“ಆಕಿ ಔಷಧಕ್ಕ ಸರಕಾರದ ಕಾರ್ಡ್ ನಡೀತದ್ರಿ. ಇದು ಆಕಿಗಲ್ರಿ. ದವಾಖಾನಿ ಹೊರಗ ಫುಟ್‌ಪಾತ್ ಮ್ಯಾಲ ಮಲಗತಾರಲ್ರಿ, ಅವರಿಗ್ರಿ.”

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ೨೦೧೮ರಿಂದ ನಮ್ಮ ರಾಜ್ಯದಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಎಂಬ ಯೋಜನೆಯು ನಡೆಯುತ್ತಿದ್ದು, ಬಡ ಕುಟುಂಬಕ್ಕೆ ವರ್ಷವೊಂದಕ್ಕೆ ಐದು ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಯು ದೊರೆಯುತ್ತದೆ. ಬೆಂಗಳೂರಿನಲ್ಲಿ ೧೯೭೩ರಿಂದ ಕಿದ್ವಾಯಿ ಸಂಸ್ಥೆಯಿದೆ; ಅದರ ಶಾಖೆಯೊಂದು ಕಲಬುರಗಿಯಲ್ಲಿಯೂ ಇದೆ. ಇವೆಲ್ಲ ದೊಡ್ಡ ಅನುಕೂಲಗಳು. ನಮ್ಮ ತಂದೆಯ ಕಾಲದವರು ಕನಸಿನಲ್ಲಿಯೂ ಕಾಣದವು. ಆದರೆ ಮಕ್ಕಳ ಈ ರೋಗಕ್ಕೆ ಚಿಕಿತ್ಸೆಯು ಒಂದು ತಿಂಗಳಿನದಲ್ಲ, ಎರಡು ಮೂರು ವರ್ಷಗಳದು. ಮಗುವಿನೊಡನೆ ತಾಯಿಯಾಗಲಿ ತಂದೆಯಾಗಲಿ ಇರಲೇಬೇಕು. ಅವರ ಕೂಲಿ ನಿಲ್ಲುತ್ತದೆ. ರೈಲಿನ ಖರ್ಚು, ಬಾಡಿಗೆಯ ಕೋಣೆ, ಎರಡು ಹೊತ್ತಿನ ಊಟ, ಊರಿನಲ್ಲಿ ಬಿಟ್ಟುಬಂದ ಉಳಿದ ಮಕ್ಕಳ ಪಾಡು, ಇವು ಯಾವ ಕಾರ್ಡಿನಲ್ಲಿಯೂ ಬರೆದಿರುವುದಿಲ್ಲ. ಹೀಗಾಗಿ ಮೊದಲ ತಿಂಗಳುಗಳಲ್ಲಿ ಮಗು ಚೇತರಿಸಿಕೊಂಡು ಆಡತೊಡಗಿದೊಡನೆ, ‘ಗುಣವಾಯಿತು’ ಎಂದು ನಂಬಿ ಊರಿಗೆ ಕರೆದೊಯ್ದುಬಿಡುವ ತಂದೆತಾಯಂದಿರುಂಟು. ರೋಗವು ಮರಳಿ ಬರುವುದು ಆಗಲೇ. ಅಂಥವರಲ್ಲಿ ಇಬ್ಬರನ್ನು ನಮ್ಮ ಶಿಷ್ಯನು ಕಣ್ಣಾರೆ ಕಂಡಿದ್ದನು. “ಅವರು ತಿರುಗಿ ಬರಲಿಲ್ರಿ” ಎಂದಷ್ಟೇ ಹೇಳಿದನು.

ನಿಜವನ್ನು ಮುಚ್ಚಿಡುವುದೇಕೆ? ನಮಗೆ ಈ ಉದ್ಯಮವು ಮೊದಲು ರುಚಿಸಲಿಲ್ಲ. ದಾನವು ಬಲಗೈ ಕೊಟ್ಟುದನ್ನು ಎಡಗೈ ಅರಿಯದಂತೆ ನಡೆಯತಕ್ಕದ್ದು. ಬೀದಿಯಲ್ಲಿ ಡಬ್ಬಿ ಅಲುಗಿಸುತ್ತ ನಡೆಯುವುದರಲ್ಲಿ ದಾನಕ್ಕಿಂತ ಪ್ರದರ್ಶನವೇ ಹೆಚ್ಚೆಂದು ಎಣಿಸಿದೆವು. “ನಡೆಯುವುದೇಕೆ? ಒಂದು ಕಡೆ ಕುಳಿತು ಪತ್ರ ಬರೆದು ಕೇಳಬಾರದೇ?” ಎಂದೆವು. ಅವನು ತಲೆ ತಗ್ಗಿಸಿ, “ಇದೇ ದಾರೀಲೆ ಕೂಸಿನ್ನ ಹೊತಕೊಂಡು ಕಲಬುರಗಿಗಿ ಹೋಗಿನ್ರಿ. ಆವತ್ತು ಬಸ್ಸಿನ್ಯಾಗ ಒಂದು ಮಾತಾಡಲಿಲ್ಲ ನಾನು. ಈಗ ಇದೇ ದಾರೀಲೆ ಮಾತಾಡಕೋತ ಬರ್ತೀನ್ರಿ” ಎಂದನು. ಇದಕ್ಕೆ ಪ್ರತ್ಯುತ್ತರವು ನಮ್ಮ ಶಾಸ್ತ್ರಜ್ಞಾನದಲ್ಲಿ ದೊರೆಯಲಿಲ್ಲ. ಲೆಕ್ಕದ ಪುಸ್ತಕವೊಂದನ್ನು ಕೊಂಡು, ಗೆರೆ ಹಾಕಿ ಸಿದ್ಧಮಾಡಿದೆವು.

ಎಳ್ಳಮಾವಾಸ್ಯೆಯ ದಿನ ಬೆಳಗಿನ ನಾಲ್ಕೂವರೆ ಗಂಟೆಗೆ ನಾವು ಐವರು ಜಗತ್ ವೃತ್ತದಲ್ಲಿ ಸೇರಿದೆವು: ನಮ್ಮ ಶಿಷ್ಯ, ಅವನ ಹೆಂಡತಿಯ ತಮ್ಮ, ಕಮಲಾಪುರದ ಇಬ್ಬರು ತರುಣರು ಮತ್ತು ಅರುವತ್ತು ತುಂಬಿದ ನಾವು. ತಗಡಿನ ಡಬ್ಬಿಗೆ ಬೀಗ. ಬೀಗದ ಕೀಲಿಯು ನಮ್ಮ ಜೇಬಿನಲ್ಲಿ. ಬೇಸಿಗೆಯಲ್ಲಿ ಕೆಂಡದಂತಿರುವ ಕಲಬುರಗಿಯು ಮಾರ್ಗಶಿರ ಪುಷ್ಯಗಳ ನಸುಕಿನಲ್ಲಿ ಹಲ್ಲು ಕಟಕಟಿಸುವಷ್ಟು ಚಳಿಯಾಗಿರುವುದೆಂಬುದನ್ನು ಹೊರಗಿನವರು ನಂಬುವುದಿಲ್ಲ. ರಸ್ತೆ ಗುಡಿಸುತ್ತಿದ್ದ ಪಾಲಿಕೆಯ ಕೆಲಸದ ಹೆಂಗಸೊಬ್ಬಳು ಇಷ್ಟು ಹೊತ್ತಿಗೆ ಇದೇನೆಂದು ವಿಚಾರಿಸಿ, ಸಂಗತಿಯನ್ನು ತಿಳಿದು, ಪೊರಕೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಸೆರಗಿನ ಗಂಟಿನಿಂದ ಇಪ್ಪತ್ತು ರೂಪಾಯಿಯ ನೋಟನ್ನು ಬಿಡಿಸಿ ಕೊಟ್ಟಳು. ನಮ್ಮ ಪುಸ್ತಕದ ಮೊದಲ ಸಾಲು ಅದೇ. ಹೆಸರು ಕೇಳಿದರೆ, “ನನ್ನ ಹೆಸರ್ಯಾಕ್ರಿ, ‘ಜಗತ್’ ಅಂತ ಬರೀರಿ” ಎಂದು ನಕ್ಕಳು. ಹಾಗೆಯೇ ಬರೆದೆವು.

ಹುಮನಾಬಾದ್ ಬೇಸನ್ನು ದಾಟಿ ಕಪನೂರಿನ ಕಾರ್ಖಾನೆಗಳ ಬಳಿಗೆ ಬರುವ ಹೊತ್ತಿಗೆ ಮೂಡಲು ಕೆಂಪಾಯಿತು. ರಾತ್ರಿಯ ಪಾಳಿಯನ್ನು ಮುಗಿಸಿ ಹೊರಬಂದ ಕೂಲಿಕಾರರು ಚಹದಂಗಡಿಯಲ್ಲಿ ನೆರೆದಿದ್ದರು. ಅಂಗಡಿಯವನು ನಮಗೆ ಚಹ ಕೊಟ್ಟು ಹಣ ತೆಗೆದುಕೊಳ್ಳಲಿಲ್ಲ, ಆದರೆ ಡಬ್ಬಿಯನ್ನು ಮುಟ್ಟಲು ಅನುಮಾನಿಸಿ, “ಈ ಬ್ಯಾನಿ ಹತ್ತತದೇನ್ರಿ?” ಎಂದು ಮೆಲ್ಲನೆ ಕೇಳಿದನು. ಹೀಗೆ ಬಾಯಿಬಿಟ್ಟು ಕೇಳಿದವನು ಅವನೊಬ್ಬನೇ. ಕೇಳದೆ ದೂರ ಸರಿದವರು ಊರಿನಲ್ಲಿ ಹಲವರಿದ್ದರೆಂದು ಶಿಷ್ಯನು ಆಮೇಲೆ ಹೇಳಿದನು. ಆದುದರಿಂದ ಆ ಚಹದಂಗಡಿಯ ಕಟ್ಟೆಯ ಮೇಲೆ ನಾವು ಹೇಳಿದುದನ್ನು ಇಲ್ಲಿಯೂ ಹೇಳುವುದು ಉಚಿತ.

ನಮ್ಮ ಪೂರ್ವಿಕರು ಶರೀರದ ಸಪ್ತಧಾತುಗಳನ್ನು ಎಣಿಸುವಾಗ ಅಸ್ಥಿಯ ಅನಂತರ ಮಜ್ಜೆಯನ್ನು ಹೇಳಿರುವರಷ್ಟೆ. ಎಲುಬಿನೊಳಗಿನ ಆ ಮೃದುವಾದ ಮಜ್ಜೆಯೇ ರಕ್ತದ ಕಣಗಳು ಹುಟ್ಟುವ ಮನೆ. ಕೆಂಪು ಕಣಗಳು ಪ್ರಾಣವಾಯುವನ್ನು ಹೊರುತ್ತವೆ. ಬಿಳಿಯ ಕಣಗಳು ಸೋಂಕಿನೊಡನೆ ಹೋರಾಡುತ್ತವೆ. ಮೂರನೆಯ ಜಾತಿಯ ಸಣ್ಣ ಕಣಗಳು ಗಾಯವಾದಲ್ಲಿ ರಕ್ತವನ್ನು ಹೆಪ್ಪುಗಟ್ಟಿಸುತ್ತವೆ. ಈ ರೋಗದಲ್ಲಿ ಬಲಿಯದ ಬಿಳಿಯ ಕಣಗಳು ಅಳತೆಗೆಟ್ಟು ಹೆಚ್ಚಿ, ಹೊಲವನ್ನು ಕಳೆಯು ಮುಚ್ಚುವಂತೆ, ಮಜ್ಜೆಯನ್ನೆಲ್ಲ ತುಂಬಿಬಿಡುತ್ತವೆ. ಜರ್ಮನಿಯ ವೈದ್ಯ ವಿರ್ಚೋ ಎಂಬಾತನು ೧೮೪೭ರಲ್ಲಿ ಗ್ರೀಕ್ ಭಾಷೆಯಿಂದ ‘ಬಿಳಿಯ ರಕ್ತ’ ಎಂಬರ್ಥದ ‘ಲ್ಯುಕೇಮಿಯಾ’ ಎಂಬ ಹೆಸರನ್ನು ಇದಕ್ಕಿಟ್ಟನು. ಇದು ಮುಟ್ಟಿದರೆ ಹತ್ತುವುದಿಲ್ಲ, ಒಟ್ಟಿಗೆ ಉಂಡರೆ ಹತ್ತುವುದಿಲ್ಲ, ಯಾರ ಪಾಪದ ಫಲವೂ ಅಲ್ಲ. ನಿಜವಾಗಿ ಅಪಾಯವಿರುವುದು ಆ ಮಗುವಿಗೆ: ಚಿಕಿತ್ಸೆಯ ಕಾಲದಲ್ಲಿ ನಮ್ಮ ನೆಗಡಿ ಕೆಮ್ಮುಗಳು ಮಗುವಿಗೆ ಹತ್ತಿದರೆ ಜೀವಕ್ಕೇ ಸಂಚಕಾರ. ಇದನ್ನು ಕೇಳಿ ಅಂಗಡಿಯವನು, “ಅಂದ್ರ ಕೂಸಿಗಿ ನಾವೇ ಬ್ಯಾನಿ ಆದಂಗಾತು” ಎಂದು ಗಲ್ಲದ ಮೇಲೆ ಕೈಯಿಟ್ಟುಕೊಂಡನು. ಅನಂತರ ಗಲ್ಲಾಪೆಟ್ಟಿಗೆಯಿಂದ ನೂರು ರೂಪಾಯಿಗಳನ್ನು ತೆಗೆದು ಡಬ್ಬಿಯಲ್ಲಿ ತಾನೇ ಹಾಕಿದನು.

ಕಪನೂರನ್ನು ಬಿಟ್ಟ ಮೇಲೆ ಬಯಲು ತೆರೆದುಕೊಂಡಿತು. ಕಪ್ಪು ಮಣ್ಣಿನ ನೆಲ. ಎರಡು ಕಡೆಯೂ ತೊಗರಿ. ಕಲಬುರಗಿಯು ತೊಗರಿಯ ಕಣಜವೆಂಬುದು ಪುಸ್ತಕದ ಮಾತಾಯಿತು. ಕಾಯಿ ಒಣಗಿ ಗಲಗಲ ಎನ್ನುವ ತೊಗರಿಯ ಹೊಲದ ಬದಿಯಲ್ಲಿ ನಡೆದವನಿಗೆ ಆ ಕಣಜದ ಸದ್ದೇ ಕೇಳುವುದು. ನಡುನಡುವೆ ಬಿಳಿಜೋಳದ ಪಚ್ಚೆ, ಕಡಲೆಯ ಹೊಲ, ಅಂಚಿನಲ್ಲಿ ಮುಳ್ಳಿನ ಕುಸುಬೆ. ಎಳ್ಳಮಾವಾಸ್ಯೆಯು ನಮ್ಮ ಸೀಮೆಯಲ್ಲಿ ಯಾವ ದೀಪಾವಳಿಗೂ ಕಡಿಮೆಯಲ್ಲದ ಹಬ್ಬ. ಅಂದು ಮನೆಯಲ್ಲಿ ಒಲೆಯ ಕೆಲಸವು ನಸುಕಿಗೇ ಮುಗಿದು, ಬುಟ್ಟಿಗಳೆಲ್ಲ ಹೊಲಕ್ಕೆ ಹೊರಡುತ್ತವೆ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಹಲವು ಕಾಳು ಸೊಪ್ಪುಗಳನ್ನು ಕೂಡಿಸಿದ ಭಜ್ಜಿ, ಶೇಂಗಾದ ಹೋಳಿಗೆ, ಕಡುಬು, ಅಂಬಲಿ. ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಹೊಲದ ಸುತ್ತಲೂ ಚರಗ ಚೆಲ್ಲಿ, ಭೂಮಿತಾಯಿಗೆ ಮೊದಲು ಉಣ್ಣಿಸಿ ಅನಂತರ ತಾವು ಉಣ್ಣುವುದು. ಅಂದು ಹೊಲದ ಬದಿಯಲ್ಲಿ ಹೋಗುವ ದಾರಿಹೋಕನನ್ನು ಉಣ್ಣದೆ ಹೋಗಗೊಡುವುದಿಲ್ಲ. ಶಿಷ್ಯನು ಈ ದಿನವನ್ನೇ ಆರಿಸಿದುದರ ಮರ್ಮವು ನಮಗೆ ಆಗ ತಿಳಿಯಿತು.

ಎತ್ತಿನ ಗಾಡಿಗಳೂ ಟ್ರ್ಯಾಕ್ಟರುಗಳೂ ಹೆಂಗಸರು ಮಕ್ಕಳನ್ನು ತುಂಬಿಕೊಂಡು ಬರುತ್ತಿದ್ದವು. ನಾವು ಮೂರು ಹೊಲಗಳಲ್ಲಿ ಉಂಡೆವು; ನಾಲ್ಕನೆಯದರಲ್ಲಿ ಕೈಮುಗಿದು ತಪ್ಪಿಸಿಕೊಂಡೆವು. ಒಂದು ಹೊಲದಲ್ಲಿ ಹಣ್ಣು ಹಣ್ಣಾದ ಅಜ್ಜಿಯೊಬ್ಬರು ಮಗುವಿನ ಹೆಸರನ್ನು ಕೇಳಿ ತಿಳಿದು, ಮತ್ತೊಂದು ಹಿಡಿ ಚರಗವನ್ನು ಆ ಹೆಸರು ಹೇಳಿ ತಾವೇ ಚೆಲ್ಲಿಬಂದರು. “ರೊಕ್ಕ ಇಲ್ಲಪ್ಪಾ, ಇದನ್ನ ಮಾರಿ ಹಾಕ್ರಿ” ಎಂದು ಇನ್ನೊಂದು ಮನೆಯವರು ಎರಡು ಸೇರು ತೊಗರಿಯನ್ನು ಕೊಟ್ಟರು. ಪುಸ್ತಕದಲ್ಲಿ ಅದಕ್ಕಾಗಿ ಬೇರೊಂದು ಗೆರೆಯನ್ನು ಹಾಕಬೇಕಾಯಿತು.

ಎಲ್ಲರೂ ಕೊಟ್ಟರೆಂದು ಹೇಳಿದರೆ ಸುಳ್ಳಾದೀತು. ಮೋಟಾರು ಸೈಕಲನ್ನು ನಿಲ್ಲಿಸಿದ ಒಬ್ಬ ಗೃಹಸ್ಥನು, “ಇಂಥ ಡಬ್ಬಿ ಭಾಳ ನೋಡೀನಿ, ಮಕ್ಕಳ ಹೆಸರಿನ್ಯಾಗ ತಿನ್ನವರು” ಎಂದು ಎಲ್ಲರ ಮುಂದೆ ನುಡಿದನು. ನಮಗೆ ಸಿಟ್ಟು ನೆತ್ತಿಗೇರಿತು. ಶಿಷ್ಯನಾದರೋ ನಮ್ಮ ಕೈಯ ಪುಸ್ತಕವನ್ನು ತೆಗೆದುಕೊಂಡು ಆತನ ಮುಂದೆ ಹಿಡಿದು, “ನೀವು ಹೇಳೋದು ಖರೇ ಅದರಿ, ಅಂಥವರೂ ಅದಾರ. ನೋಡಿ ಹೋಗ್ರಿ, ಕೊಡಬ್ಯಾಡ್ರಿ” ಎಂದನು. ಆತನು ನೋಡಿದನು, ಕೊಡದೆ ಹೋದನು. ನಾವು ಎಣಿಸಿದಂತೆ ಇದು ಪ್ರದರ್ಶನವಾಗಿದ್ದರೆ ಆ ಗಳಿಗೆಯಲ್ಲಿ ಮುರಿದುಬೀಳುತ್ತಿತ್ತು. ಮಾನವನ್ನು ಡಬ್ಬಿಯಲ್ಲಿ ಮೊದಲು ಹಾಕಿದವನು ಅವನೇ ಎಂಬುದು ನಮಗೆ ಮನದಟ್ಟಾಯಿತು.

ಮಹಾಗಾಂವ ಕ್ರಾಸನ್ನು ಸೇರುವಾಗ ಬಿಸಿಲೇರಿತ್ತು. ನಮ್ಮ ಮೊಣಕಾಲುಗಳು ಮುಷ್ಕರ ಹೂಡಿದ್ದವು. ಮರದ ನೆರಳಿನಲ್ಲಿ ಕುಳಿತಾಗ ತರುಣರಲ್ಲೊಬ್ಬನು, “ಗುರುಗಳೇ, ಹಿಂಗ ಬ್ಯಾರೆ ಯಾರರ ಮಾಡ್ಯಾರೇನ್ರಿ?” ಎಂದನು. ಹಿಂದಿನ ರಾತ್ರಿ ಓದಿಕೊಂಡುದೆಲ್ಲ ಆಗ ಉಪಯೋಗಕ್ಕೆ ಬಂತು.

ಮಾಡಿದವರಿದ್ದಾರೆ. ಅಮೆರಿಕದ ನ್ಯೂಯಾರ್ಕಿನ ಬ್ರೂಸ್ ಕ್ಲೀಲ್ಯಾಂಡ್ ಎಂಬ ತಂದೆಯ ಪುಟ್ಟ ಮಗಳಿಗೆ ಇದೇ ರೋಗ ಬಂದಿತು. ಆತನು ಗೆಳೆಯರನ್ನು ಕೂಡಿಸಿ, ೩೮ ಮಂದಿಯ ತಂಡವನ್ನು ಕಟ್ಟಿ, ೧೯೮೮ರಲ್ಲಿ ಆ ಊರಿನ ಮ್ಯಾರಥಾನಿನಲ್ಲಿ, ಎಂದರೆ ೪೨ ಕಿಲೋಮೀಟರುಗಳಿಗೂ ಮೇಲ್ಪಟ್ಟ ಓಟದಲ್ಲಿ, ಓಡಿದನು. ಬಂಧುಮಿತ್ರರಿಂದ ಕೂಡಿದ ಹಣವು ೩,೨೨,೦೦೦ ಡಾಲರು; ಅದೆಲ್ಲವೂ ಈ ರೋಗದ ಸಂಶೋಧನೆಗೆ ಸಂದಿತು. ಮಗಳು ಗುಣಹೊಂದಿದಳು. ಅಂದಿನಿಂದ ಆ ದೇಶದಲ್ಲಿ ಸಾವಿರಾರು ಜನರು ಅದೇ ರೀತಿಯಾಗಿ ಓಡುತ್ತ, ಸೈಕಲ್ ತುಳಿಯುತ್ತ ಹಣ ಕೂಡಿಸುವ ಪದ್ಧತಿಯು ಬೆಳೆಯಿತು. ಆ ಹಣವನ್ನು ಪಡೆದ ಸಂಘವಾದರೋ, ಹದಿನಾರು ವರ್ಷದ ಮಗನನ್ನು ೧೯೪೪ರಲ್ಲಿ ಇದೇ ರೋಗದಿಂದ ಕಳೆದುಕೊಂಡ ಡಿ ವಿಲಿಯರ್ಸ್ ದಂಪತಿಗಳು ೧೯೪೯ರಲ್ಲಿ ಆರಂಭಿಸಿದುದು. ಇಂಗ್ಲೆಂಡಿನಲ್ಲಿಯೂ ಹಾಗೆಯೇ, ೧೯೬೦ರಲ್ಲಿ ಆರು ವರ್ಷದ ಮಗಳನ್ನು ಕಳೆದುಕೊಂಡ ಈಸ್ಟ್‌ವುಡ್ ಎಂಬ ಗೃಹಸ್ಥರ ಮನೆಯ ದುಃಖದಿಂದಲೇ ಅಲ್ಲಿಯ ದೊಡ್ಡ ನಿಧಿಯು ಹುಟ್ಟಿತು.

ನಮ್ಮ ದೇಶದ ಸಂಗತಿಯು ಇವೆಲ್ಲಕ್ಕಿಂತ ಹಿಂದಿನದು. ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ದೊಡ್ಡ ಅಧಿಕಾರಿಯಾಗಿದ್ದ ಹೊರ್ಮುಸ್‌ಜಿ ಭಾಭಾ ಅವರ ಮಗಳು ಮೆಹರ್‌ಬಾಯಿ. ಸರ್ ದೊರಾಬ್ಜಿ ತಾತಾ ಅವರ ಕೈಹಿಡಿದವರು. ೧೯೩೧ರಲ್ಲಿ ಆಕೆ ಲ್ಯುಕೇಮಿಯಾದಿಂದ ತೀರಿಕೊಂಡರು. ಮರುವರ್ಷವೇ ದೊರಾಬ್ಜಿಯವರು ಪತ್ನಿಯ ಹೆಸರಿನಲ್ಲಿ ಈ ರೋಗದ ಸಂಶೋಧನೆಗೆಂದು ನಿಧಿಯನ್ನಿಟ್ಟು, ಅದೇ ೧೯೩೨ರಲ್ಲಿ ತಾವೂ ತೀರಿಕೊಂಡರು. ಅವರ ಧರ್ಮನಿಧಿಯಿಂದಲೇ ೧೯೪೧ರಲ್ಲಿ ಮುಂಬಯಿಯ ಪರೇಲಿನಲ್ಲಿ ತಾತಾ ಸ್ಮಾರಕ ಆಸ್ಪತ್ರೆಯು ತೆರೆಯಿತು. ‘ಅವರು ತಾತಾಗಳು, ನಾವು ಯಾರು?’ ಎನ್ನಬಹುದು. ದುಃಖದ ಮಟ್ಟಿಗೆ ಎಲ್ಲರ ಮನೆಯೂ ಒಂದೇ. ಡಬ್ಬಿಯ ಅಳತೆ ಮಾತ್ರ ಬೇರೆ.

ಇನ್ನು ಔಷಧದ ಕಥೆ. ೧೯೨೮ರ ಸುಮಾರಿಗೆ ಲೂಸಿ ವಿಲ್ಸ್ ಎಂಬ ವೈದ್ಯೆಯು ಮುಂಬಯಿಗೆ ಬಂದು, ಗಿರಣಿಯಲ್ಲಿ ದುಡಿಯುವ ಬಡ ಗರ್ಭಿಣಿಯರು ರಕ್ತವಿಲ್ಲದೆ ಬಿಳಿಚಿಕೊಳ್ಳುವುದೇಕೆಂದು ಪರೀಕ್ಷಿಸಿ, ಅವರ ಆಹಾರದಲ್ಲಿ ಯಾವುದೋ ಒಂದು ಸತ್ತ್ವದ ಕೊರತೆಯಿದೆಯೆಂದು ಕಂಡುಹಿಡಿದಳು. ಅದೇ ಇಂದು ನಮ್ಮ ಗರ್ಭಿಣಿಯರಿಗೆ ಕೊಡುವ ಫೋಲಿಕ್ ಆಮ್ಲ. ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ ತಂಡದ ನಾಯಕನು ತೆಲುಗುದೇಶದ ಭೀಮವರಂನಲ್ಲಿ ೧೮೯೫ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ತನ್ನ ಇಬ್ಬರು ಸೋದರರು ಕರುಳಿನ ರೋಗದಿಂದ ಕೆಲವೇ ದಿನಗಳ ಅಂತರದಲ್ಲಿ ಸತ್ತುದನ್ನು ಕಂಡವನು. ಮದರಾಸಿನಲ್ಲಿ ವೈದ್ಯವನ್ನು ಕಲಿತು, ಆಯುರ್ವೇದ ಕಾಲೇಜಿನಲ್ಲಿ ಪಾಠ ಹೇಳಿ, ೧೯೨೩ರಲ್ಲಿ ಅಮೆರಿಕಕ್ಕೆ ಹೋದವನು. ರಕ್ತಕ್ಕೆ ಬೇಕಾದ ಆ ಸತ್ತ್ವದ ವೇಷವನ್ನೇ ಧರಿಸಿ, ರೋಗದ ಕಣಗಳನ್ನು ಉಪವಾಸ ಕೆಡಹುವ ಔಷಧಗಳನ್ನೂ ಅವನ ತಂಡವೇ ತಯಾರಿಸಿತು. ಬಾಸ್ಟನ್ ನಗರದ ವೈದ್ಯ ಸಿಡ್ನಿ ಫಾರ್ಬರನು ಅವುಗಳಲ್ಲೊಂದನ್ನು ೧೬ ಮಕ್ಕಳಿಗೆ ಕೊಟ್ಟು, ೧೦ ಮಕ್ಕಳಲ್ಲಿ ಸುಧಾರಣೆಯನ್ನು ಕಂಡು, ೧೯೪೮ರಲ್ಲಿ ಪ್ರಕಟಿಸಿದನು. ಆ ಸುಧಾರಣೆಯು ಕೆಲವೇ ತಿಂಗಳುಗಳದು. ಆದರೂ ಅದೇ ಮೊದಲ ಬಾಗಿಲು. ಅದೇ ವರ್ಷ ಸುಬ್ಬರಾವ್ ಅಲ್ಲಿಯೇ ತೀರಿಕೊಂಡನು. ಇಂದು ಉತ್ತಮ ಚಿಕಿತ್ಸೆಯು ಪೂರ್ತಿಯಾಗಿ ದೊರೆತ ಕಡೆಗಳಲ್ಲಿ, ಮ���್ಕಳಿಗೆ ಹೆಚ್ಚಾಗಿ ಬರುವ ಬಗೆಯ ಈ ರೋಗದಿಂದ ಹತ್ತರಲ್ಲಿ ಎಂಟು ಒಂಬತ್ತು ಮಕ್ಕಳು ಬದುಕಿಕೊಳ್ಳುತ್ತಾರೆ.

“ವಾರಕ್ಕೊಮ್ಮೆ ಹಳದಿ ಗುಳಿಗಿ ಕೊಡ್ತೀವಲ್ರಿ, ಮೆಥೋಟ್ರೆಕ್ಸೇಟ್, ಅದು ಇದೇನೇನ್ರಿ?” ಎಂದು ಶಿಷ್ಯನು ಕೇಳಿದನು. ಅದೇ ವಂಶದ್ದೆಂದೆವು. “ಅಂದ್ರ ನಮ್ಮ ಕಡಿ ಮನಷ್ಯಾನ ಕೈಗುಣ” ಎಂದು ಸುಮ್ಮನಾದನು. ತುಸು ಹೊತ್ತಿನ ಮೇಲೆ, ತರುಣರು ನೀರು ತರಲು ಹೋಗಿದ್ದಾಗ, ತನ್ನ ಕಾಲಿನ ಬೊಬ್ಬೆಗಳನ್ನು ನೋಡಿಕೊಳ್ಳುತ್ತ, ನಮ್ಮ ಮುಖವನ್ನು ನೋಡದೆ ಹೇಳಿದನು: “ಗುರುಗಳೇ, ಏಳನೇ ಇಯತ್ತೆದಾಗ ನನ್ನ ಬಾಜೂಕ ಒಬ್ಬವ ಕೂಡತಿದ್ದ. ನಿಮಗ ನೆನಪದ ಏನ್ರಿ?”

ನೆನಪಿತ್ತು. ಮೂವತ್ತು ವರ್ಷಗಳಿಂದ ನೆನಪಿತ್ತು. ನಾವು ಉಪಾಧ್ಯಾಯರಾದ ಹೊಸತು. ಶಿಸ್ತಿನ ಮೇಲೆ ನಮಗೆ ಬಹಳ ಅಭಿಮಾನ. ಆ ಹುಡುಗನು ಕವಾಯತಿನಲ್ಲಿ ಕುಳಿತುಬಿಡುತ್ತಿದ್ದನು, ಮುಖವು ಬಿಳಿಚಿತ್ತು, ಕಾಲು ನೋವೆನ್ನುತ್ತಿದ್ದನು. ತೋಳಿನ ಮೇಲೆ ನೀಲಿಯ ಕಲೆಗಳಿದ್ದವು. ಯಾರೊಡನೆಯೋ ಹೊಡೆದಾಡಿಕೊಂಡು ಬಂದಿರುವನೆಂದು ನಾವು ಭಾವಿಸಿದೆವು. ಸೋಮಾರಿಯೆಂದು ಬೈದು, ಒಂದು ದಿನ ಬಿಸಿಲಿನಲ್ಲಿ ನಿಲ್ಲಿಸಿದೆವು. ಆತನು ಎರಗಿ ಬಿದ್ದನು. ಅನಂತರ ಶಾಲೆಗೆ ಬರಲಿಲ್ಲ. ಎರಡು ತಿಂಗಳ ಮೇಲೆ ಅವನಿಗೆ ರಕ್ತದ ರೋಗವಿತ್ತೆಂಬ ಸುದ್ದಿಯೂ, ಅವನಿಲ್ಲವೆಂಬ ಸುದ್ದಿಯೂ ಒಟ್ಟಿಗೆ ಬಂದವು. ನಾವು ಈ ಸಂಗತಿಯನ್ನು ಮನೆಯಲ್ಲಿ ಕೂಡ ಆಡಿದವರಲ್ಲ. ಬೇರೆ ಯಾರಿಗೂ ನೆನಪಿರಲಾರದೆಂದು ನಂಬಿಕೊಂಡು ಬಂದಿದ್ದೆವು.

“ನಮ್ಮ ಕೂಸು ಒಂದಿನ ‘ಅಪ್ಪಾ, ಕಾಲು ಬ್ಯಾನಿ’ ಅಂತ ಅಂಗಳದಾಗ ಕುಂತಳ್ರಿ. ತೋಳು ನೋಡಿದ್ರ ನೀಲಿ ಕಲಿ. ನನಗ ಅವನ ತೋಳೇ ಕಂಡಂಗಾತ್ರಿ. ಮರುದಿನಾನೇ ಹೊತಕೊಂಡು ಓಡೀನಿ. ‘ಜಲ್ದಿ ತಂದೀರಿ’ ಅಂದ್ರು ಡಾಕ್ಟರು.” ಇಷ್ಟು ಹೇಳಿ ಅವನು ಚಪ್ಪಲಿ ಮೆಟ್ಟಿಕೊಂಡನು. ನಮ್ಮನ್ನು ದೂಷಿಸಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. ಲೆಕ್ಕದ ಪುಸ್ತಕಕ್ಕೆ ನಮ್ಮನ್ನೇ ಏಕೆ ಹುಡುಕಿಕೊಂಡು ಬಂದನೆಂಬುದನ್ನು ಮಾತ್ರ ನಾವು ಆಮೇಲೆ ಕೇಳಲಿಲ್ಲ.

ಅಲ್ಲಿಂದ ಮುಂದೆ ನಾವು ನಡೆದೆವೆಂದು ಬರೆಯಲು ಲೇಖನಿಯು ಒಪ್ಪುವುದಿಲ್ಲ. ನಡೆಯಲು ಯತ್ನಿಸಿದುದು ನಿಜ. ಸ್ವಲ್ಪ ದೂರದಲ್ಲಿಯೇ ಮೊಣಕಾಲು ಸೋತು, ತರುಣರು ನಮ್ಮನ್ನು ಬಲವಂತವಾಗಿ ಟಂಟಂ ಒಂದರಲ್ಲಿ ಕೂರಿಸಿದರು. ಅದು ನಡೆಯುವವರ ಹಿಂದೆ ಹಿಂದೆಯೇ ಎತ್ತಿನ ವೇಗದಲ್ಲಿ ಬಂದಿತು. ಚಾಲಕನು ಬಾಡಿಗೆಯನ್ನು ಡಬ್ಬಿಗೇ ಹಾಕಿಸಿದನು. ಪುಸ್ತಕದಲ್ಲಿ ಅದನ್ನೂ ಬರೆದಿದ್ದೇವೆ.

ಕಮಲಾಪುರವು ಹತ್ತಿರವಾದಂತೆ ಕಪ್ಪುನೆಲವು ಹಿಂದೆ ಸರಿದು ಮಣ್ಣು ಕೆಂಪಾಗುತ್ತದೆ. ಬಯಲು ಮುರಿದು ತಗ್ಗುದಿಣ್ಣೆಗಳೂ ಹಸುರೂ ಕಾಣುತ್ತವೆ. ಇಲ್ಲಿಯ ಕೆಂಪುಬಾಳೆಯು ದೇಶದಲ್ಲಿ ಹೆಸರಾದುದು. ಸ್ಥಳದ ಹೆಸರಿನೊಡನೆಯೇ ಸರಕಾರದ ಭೌಗೋಳಿಕ ಗುರುತನ್ನು ಪಡೆದಿದೆ. ಗಿಡವು ಎತ್ತರ, ಸಿಪ್ಪೆಯು ಕುಂಕುಮದ ಕೆಂಪು, ತಿರುಳು ಬೆಣ್ಣೆಯಂತೆ. ಬೇರೆ ಬಾಳೆಯು ಒಂದು ವರ್ಷದಲ್ಲಿ ಗೊನೆ ಕೊಟ್ಟರೆ ಇದಕ್ಕೆ ಹದಿನೆಂಟು ತಿಂಗಳು ಬೇಕು. ಅಷ್ಟು ದಿನ ನೀರುಣಿಸಿ ಕಾಯುವ ತಾಳ್ಮೆಯಿಲ್ಲದವರು ಇದನ್ನು ಬೆಳೆಯಲಾರರು. ಮಗಳ ಚಿಕಿತ್ಸೆಯು ಎರಡೂವರೆ ವರ್ಷವೆಂದು ವೈದ್ಯರು ಹೇಳಿದಾಗ, ಜೊತೆಯಲ್ಲಿದ್ದವರು ಎದೆಯೊಡೆದುಕೊಂಡರೂ ನಮ್ಮ ಶಿಷ್ಯನು, “ಆಗಲಿ, ಕಾಯ್ತೀವ್ರಿ” ಎಂದನಂತೆ. ಕೆಂಪುಬಾಳೆಯ ತೋಟದವನ ಬಾಯಲ್ಲಿ ಅದು ಸಹಜವಾದ ಮಾತು.

ಸೂರ್ಯನು ಇಳಿಯುವ ಹೊತ್ತಿಗೆ ಊರನ್ನು ಸೇರಿದೆವು. ಅಗಸೆಯಲ್ಲಿ ಹಲಗೆ ಬಾರಿಸುವವರು ಕಾದಿದ್ದರು. ಮನೆಯ ಬಾಗಿಲಿನವರೆಗೆ ಬರಬಾರದೆಂದು ಶಿಷ್ಯನು ಕೈಮುಗಿದು ಎಲ್ಲರನ್ನೂ ಅಲ್ಲಿಯೇ ನಿಲ್ಲಿಸಿದನು. ಮಗುವು ಜನಸಂದಣಿಗೆ ಬರುವಂತಿಲ್ಲ. ಅವನು ಹಿತ್ತಿಲಿನಲ್ಲಿ ಮಿಂದು, ಬಟ್ಟೆ ಬದಲಿಸಿದ ಮೇಲೆಯೇ ಪಡಸಾಲೆಗೆ ಹೋದನು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಉದುರಿದ ಕೂದಲು ಮತ್ತೆ ಅಂಗುಲದಷ್ಟು ಹುಟ್ಟಿದ್ದ ಆ ಪುಟ್ಟ ಹುಡುಗಿಯು ಹೊಸ್ತಿಲಿನೊಳಗೆ ಕುಳಿತಿದ್ದಳು. ಅಪ್ಪನ ಕಾಲಿನ ಬೊಬ್ಬೆಗಳನ್ನು ನೋಡಿ, ಆಸ್ಪತ್ರೆಯಲ್ಲಿ ತನ್ನನ್ನು ಎಲ್ಲರೂ ದಿನವೂ ಕೇಳುತ್ತಿದ್ದ ದನಿಯಲ್ಲಿಯೇ, “ಅಪ್ಪಾ, ಭಾಳ ಬ್ಯಾನಿ ಆಗ್ಲತ್ತದೇನು?” ಎಂದು ಕೇಳಿದಳು. “ಸ್ವಲ್ಪ ಅದವ್ವಾ” ಎಂದನು. “ಹೇಳಿದ್ರ ಕಡಿಮ್ಯಾಗ್ತದ” ಎಂದು ಆಕೆ ಗಂಭೀರವಾಗಿ ನುಡಿದಳು. ಹೊರಗಿನ ತಿನಿಸೊಂದೂ ಆಕೆಗೆ ಸಲ್ಲದು; ದಪ್ಪ ಸಿಪ್ಪೆಯ ಹಣ್ಣು ಸಲ್ಲುತ್ತದೆ. ತಾಯಿಯು ಕೈತೊಳೆದು ಸುಲಿದುಕೊಟ್ಟ ಕೆಂಪುಬಾಳೆಯನ್ನು ಆಕೆ ಒಳಗೂ ನಾವು ಅಂಗಳದಲ್ಲಿಯೂ ತಿಂದೆವು. ಅಂದಿನ ಮೂರು ಹೊಲಗಳ ಊಟಕ್ಕಿಂತ ಅದು ರುಚಿಯಾಗಿತ್ತೆಂದರೆ ಹೊಲದವರು ಕ್ಷಮಿಸಬೇಕು.

ರಾತ್ರಿ ಪಡಸಾಲೆಯ ಹೊರಗೆ ಬೀಗ ತೆಗೆದು ಎಣಿಸಿದೆವು. ತೊಗರಿಯನ್ನು ಬಿಟ್ಟು ೪೧,೬೩೦ ರೂಪಾಯಿಗಳಾದುವು. ಹೆಚ್ಚಿನವು ಹತ್ತು ಇಪ್ಪತ್ತರ ನೋಟುಗಳು. ಮುಂದಿನ ವಾರ ಆ ಹಣವು ರೋಗಿಗಳ ಜೊತೆಗೆ ಬಂದವರನ್ನು ಇರಿಸಿಕೊಂಡು ಊಟವಿಕ್ಕುವ ಒಂದು ಧರ್ಮಶಾಲೆಗೆ ಸಂದಿತು. ರಸೀದಿಯನ್ನು ಪುಸ್ತಕದಲ್ಲಿ ಅಂಟಿಸಿದ್ದೇವೆ. ಮೋಟಾರು ಸೈಕಲಿನ ಗೃಹಸ್ಥನು ಬಂದರೆ ತೋರಿಸಲು ಸಿದ್ಧರಾಗಿದ್ದೇವೆ.

ಈ ಬರಹವನ್ನು ಓದುವ ತಾಯಂದಿರಲ್ಲಿಯೂ, ಮುಖ್ಯವಾಗಿ ನಮ್ಮ ವೃತ್ತಿಬಾಂಧವರಲ್ಲಿಯೂ ಒಂದು ವಿಜ್ಞಾಪನೆ. ಆಡುವ ಮಗುವು ಆಟವನ್ನು ಬಿಟ್ಟು ಕುಳಿತರೆ, ಮುಖವು ಬಿಳಿಚಿದರೆ, ಬಿಡದೆ ಜ್ವರ ಬರುತ್ತಿದ್ದರೆ, ಪೆಟ್ಟಿಲ್ಲದೆ ನೀಲಿಯ ಕಲೆಗಳೆದ್ದರೆ, ಒಸಡಿನಿಂದ ರಕ್ತ ಬಂದರೆ, ಎಲುಬು ನೋವೆಂದು ಅತ್ತರೆ, ಬೈಯಬೇಡಿರಿ. ವೈದ್ಯರ ಬಳಿಗೆ ಕರೆದೊಯ್ದು ರಕ್ತವನ್ನು ಪರೀಕ್ಷಿಸಿರಿ. ಬಹಳ ಸಲ ಅದು ಸಾಮಾನ್ಯ ರೋಗವೇ ಆಗಿರುವುದು. ಆದರೆ ಒಂದು ಸಲ ಆಗಿರಲಾರದು. ಚಿಕಿತ್ಸೆಯನ್ನು ಆರಂಭಿಸಿದವರು ಮಗುವು ನಗತೊಡಗಿತೆಂದು ನಡುವೆ ನಿಲ್ಲಿಸಬಾರದು. ಹಣ ಕೊಡಲಾರದವರು ರಕ್ತವನ್ನು ಕೊಡಬಹುದು; ಈ ಮಕ್ಕಳಿಗೆ ಅದು ಮೇಲಿಂದ ಮೇಲೆ ಬೇಕಾಗುತ್ತದೆ. ಅದನ್ನೂ ಕೊಡಲಾರದ ನಮ್ಮಂತಹ ವೃದ್ಧರು ಲೆಕ್ಕವನ್ನಾದರೂ ಬರೆಯಬಹುದು.

ಮಗುವಿನ ಚಿಕಿತ್ಸೆಯು ಇನ್ನೂ ನಡೆಯುತ್ತಿದೆ. ಮುಗಿಯಲು ಒಂದು ವರ್ಷಕ್ಕೂ ಮಿಕ್ಕಿದೆ. ಭಗವಂತನು ಆಯುಷ್ಯವನ್ನು ಕೊಡಲಿ. ಡಬ್ಬಿಯು ಶಿಷ್ಯನ ಮನೆಯ ಗೂಡಿನಲ್ಲಿದೆ. ಕೀಲಿಯನ್ನು ಹಿಂದಿರುಗಿಸಹೋದಾಗ ಅವನು ತೆಗೆದುಕೊಳ್ಳಲಿಲ್ಲ. “ಇರಲಿ ಬಿಡ್ರಿ ಗುರುಗಳೇ, ಮುಂದಿನ ಎಳ್ಳಮಾಸಿಗಿ ಬೇಕಾಗ್ತದ” ಎಂದನು. ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ನಾವು ಈಗಿನಿಂದಲೇ ಆರಂಭಿಸಿದ್ದೇವೆ.